ಹೊಸ ಟೈರು ಹಿಂದಕ್ಕ

ಅವರ ಹೆಸರು ಬರೆಯುವುದಿಲ್ಲ. ಬೆಟಗೇರಿಯಲ್ಲಿ ಕಾರು ಇಟ್ಟವರಿಗೆ ಹೆಸರು ಹೇಳದಿದ್ದರೂ ಗೊತ್ತಾಗುತ್ತದೆ, ಕಾರು ಇಲ್ಲದವರಿಗೆ ಹೇಳಿ ಏನೂ ಆಗಬೇಕಾಗಿಲ್ಲ. ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಟೈರಿನ ಕಾಕಾ. ಹೋದ ತಿಂಗಳು ತೀರಿಕೊಂಡರು.

ಅವರ ಬಗ್ಗೆ ಬರೆಯಲು ನಾನು ಯೋಗ್ಯನಲ್ಲ. ವಿನಯಕ್ಕೆ ಹೇಳುವ ಮಾತಲ್ಲ ಇದು, ಖರೆ ಮಾತು. ಐದು ಮಳೆಗಾಲ ಆ ಮನುಷ್ಯ ಒಂದು ಸಾವಿನ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತು ತಿರುಗಿದರು. ಆ ತಪ್ಪು ನನ್ನದು. ಅವರು ಕಣ್ಣು ಮುಚ್ಚುವ ಮೊದಲು ಅದನ್ನು ಇಳಿಸಬೇಕಿತ್ತು. ಇಳಿಸಲು ಹೋದೆ, ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆದರೆ ಮೊದಲು ಅವರು ಎಂಥವರು ಅನ್ನುವುದು ನಿಮಗೆ ಗೊತ್ತಾಗಬೇಕು.

ಅಂಗಡಿ ಅಂದರೆ ಹತ್ತು ಹೆಜ್ಜೆ ಉದ್ದದ ತಗಡಿನ ಶೆಡ್ಡು. ಒಂದು ಕಡೆ ಗಾಳಿ ತುಂಬುವ ಯಂತ್ರ, ಇನ್ನೊಂದು ಕಡೆ ಟೈರಿನ ರಾಶಿ, ನಡುವೆ ಕಾಕಾ. ಕನ್ನಡಕದ ಒಂದು ಕಡ್ಡಿ ಮುರಿದು ಅದಕ್ಕೆ ಮಗ್ಗದ ನೂಲು ಸುತ್ತಿದ್ದರು. ಪಕ್ಕದಲ್ಲೇ ನೇಕಾರರ ಮನೆಗಳಿದ್ದವು, ನೂಲಿಗೆ ಬರಗಾಲವಿರಲಿಲ್ಲ. ಗಿರಾಕಿ ಬಂದರೆ ಗಿರಾಕಿಯ ಮುಖ ನೋಡುತ್ತಿರಲಿಲ್ಲ. ಸೀದಾ ಕಾರಿನ ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಟೈರಿನ ಮೈ ಮೇಲೆ ಅಂಗೈ ಆಡಿಸುತ್ತಿದ್ದರು. ಒಳಗಿನಿಂದ ಹೊರಗೆ ಒಮ್ಮೆ, ಹೊರಗಿನಿಂದ ಒಳಗೆ ಒಮ್ಮೆ. ಕಣ್ಣು ಮುಚ್ಚಿರುತ್ತಿತ್ತು.

“ಗಾಡಿ ಎಡಕ್ಕ ಎಳೀತೈತಿ. ಹೌದಲ್ರಿ?”

ಹೌದು ಅನ್ನಲೇಬೇಕು.

“ಗಾಳಿ ನೋಡಿಸಿ ನಾಕು ತಿಂಗಳಾತು. ತಗ್ಗು ಬಂದ್ರ ಬ್ರೇಕ್ ಒತ್ತೂದುಲ್ಲ ನೀವು, ಹಂಗ ಹಾರಸ್ತೀರಿ. ಮುಂಡರಗಿ ಕಡೆ ಭಾಳ ಅಡ್ಡಾಡತೀರಿ.”

ಮೊದಲ ಸಲ ಇದನ್ನು ಕೇಳಿದಾಗ ನನಗೆ ಯಾರೋ ನನ್ನ ಹಿಂದೆ ಬೇಹುಗಾರನನ್ನು ಬಿಟ್ಟಿದ್ದಾರೆ ಅನಿಸಿತು. ನಾನು ಸೀರೆ ವ್ಯಾಪಾರದವನು. ಬೆಟಗೇರಿ ಮಗ್ಗದ ಸೀರೆಗಳನ್ನು ಗಂಟು ಕಟ್ಟಿ ಕಾರಿನಲ್ಲಿ ಹಾಕಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಅಂಗಡಿಗಳಿಗೆ ಕೊಡುವುದು ನನ್ನ ಕೆಲಸ. ಜೊತೆಗೆ ನನ್ನ ಅಕ್ಕ ಬರುತ್ತಿದ್ದಳು. ಭಾವ ಹೋದ ಮೇಲೆ ಅವಳು ನಮ್ಮ ಮನೆಯಲ್ಲೇ ಇದ್ದಳು. ಸೀರೆಯನ್ನು ಅವಳು ಬಿಚ್ಚಿ ತೋರಿಸಿದರೆ ಹೆಣ್ಣುಮಕ್ಕಳು ಇಲ್ಲ ಅನ್ನುತ್ತಿರಲಿಲ್ಲ. ನಾನು ಬಿಚ್ಚಿದರೆ, “ಅದೊಂದ ಬಣ್ಣ ಐತೇನು?” ಅನ್ನುತ್ತಿದ್ದರು. ಅಕ್ಕ ಯಾವಾಗಲೂ ಹಿಂದಿನ ಸೀಟಿನಲ್ಲೇ. ಮುಂದೆ ಕೂತರೆ ಎದುರು ಬರುವ ಲಾರಿಗಳೆಲ್ಲ ತನ್ನ ಮೈಮೇಲೆ ಬಂದಂತೆ ಆಗುತ್ತದಂತೆ.

ಕಾಕಾನ ಹತ್ತಿರ ಸೈಜು ಕೇಳಿದರೆ ಸೈಜು ಹೇಳುವವರಲ್ಲ. ಮೊದಲು ಅವರೇ ಕೇಳುತ್ತಿದ್ದರು, “ಹಿಂದ ಯಾರು ಕುಂಡ್ರತಾರ್ರಿ?” ಹೆಂಡತಿ, ಮಕ್ಕಳು, ಇಲ್ಲ ಗೊಬ್ಬರದ ಚೀಲ, ಏನೋ ಒಂದು ಹೇಳಬೇಕು. ಆಮೇಲೆ ಎದ್ದು ರಸ್ತೆಗೆ ಬಂದು ನೇಕಾರರ ಮನೆಯ ಕಡೆ ಮುಖ ಮಾಡಿ ಕೂಗುತ್ತಿದ್ದರು.

“ಭಾರ ಬೇಕಾಗೈತಿ, ಬರ್ರೆಪಾ!”

ಮಗ್ಗ ನಿಲ್ಲಿಸಿ ಮೂರು ನಾಲ್ಕು ಜನ ಬರುತ್ತಿದ್ದರು. ಹೊಟ್ಟೆ ಇದ್ದವರಿಗೆ ಮೊದಲ ಮರ್ಯಾದೆ. ಅವರೆಲ್ಲ ಬೇರೆಯವರ ಕಾರಿನ ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತು, ಗಿರಾಕಿಯ ಲೆಕ್ಕದಲ್ಲಿ ಚಹಾ ಕುಡಿಯುತ್ತ ಊರ ಸುದ್ದಿ ಮಾತಾಡುವುದು. ಗಿರಾಕಿ ಸ್ಟೇರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸುವುದು. ಕಾಕಾ ನೆಲಕ್ಕೆ ಮಲಗಿ ಗಾಲಿಗೂ ಬಾಡಿಗೂ ನಡುವೆ ಎರಡು ಬೆರಳು ತೂರಿಸಿ ನೋಡುವುದು. ಎರಡು ಬೆರಳು ಆಡಿದರೆ ಆ ಸೈಜು ಸರಿ. ಒಂದೇ ಬೆರಳು ಹೋದರೆ, ನೀವು ಎಷ್ಟೇ ದೊಡ್ಡ ಸಾವ್ಕಾರರಿರಿ, ಇಲ್ಲ ಅಂದರೆ ಇಲ್ಲ.

“ಖಾಲಿ ಗಾಡಿಗೆ ಎಲ್ಲಾ ಸೈಜು ಕುಂಡ್ರತಾವ್ರಿ” ಅನ್ನುತ್ತಿದ್ದರು. “ಮಂದಿ ಹತ್ತಿದಾಗ ನೋಡಬೇಕು.”

ಒಮ್ಮೆ ಮದುವೆ ನಿಶ್ಚಯವಾದ ಹುಡುಗನೊಬ್ಬ ಹದಿನೇಳು ಇಂಚಿನ ಅಲಾಯ್ ಗಾಲಿ ಬೇಕೆಂದು ಬಂದ. ಕಾಕಾ ಕೊಡಲಿಲ್ಲ. ಹುಡುಗ ಸಿಟ್ಟಾಗಿ ಬೇರೆ ಕಡೆ ಹಾಕಿಸಿದ. ಎಂಟು ದಿನಕ್ಕೆ ರಿಮ್ಮು ಸೀಳಿಕೊಂಡು, ಸ್ಟೆಪ್ನಿ ಹಾಕಿಕೊಂಡು, ಮುಖ ಸಣ್ಣದು ಮಾಡಿಕೊಂಡು ಬಂದ. ನಾವೆಲ್ಲ ನಗುವುದಕ್ಕೆ ತಯಾರಾಗಿದ್ದೆವು. ಕಾಕಾ ನಗಲಿಲ್ಲ. “ಯಾರಿಗೂ ಏನೂ ಆಗಿಲ್ಲಲ್ಲ ತಮ್ಮಾ?” ಎಂದು ಕೇಳಿ, ಇಲ್ಲ ಅಂದ ಮೇಲೆ, ಕುಡಿಯಲು ನೀರು ಕೊಟ್ಟರು. ಅಷ್ಟೇ. ನಮ್ಮ ನಗು ಬಾಯಲ್ಲೇ ಉಳಿಯಿತು.

ನನ್ನದೂ ಅದೇ ಹುಡುಗಾಟ, ವಯಸ್ಸು ಮಾತ್ರ ಬೇರೆ. ಕಾರಿನ ಜೊತೆ ಬಂದ ಹದಿನಾಲ್ಕು ಇಂಚಿನ ಸಣ್ಣ ಗಾಲಿಗಳು ನನಗೆ ನಾಚಿಕೆ ತರುತ್ತಿದ್ದವು. ದೊಡ್ಡ ಮೈಗೆ ಸಣ್ಣ ಕಾಲು ಇದ್ದಂತೆ ಕಾಣುತ್ತಿತ್ತು. ಮೊಬೈಲಿನಲ್ಲಿ ಹದಿನಾರು ಇಂಚಿನ ಫೋಟೋ ಇಟ್ಟುಕೊಂಡು ಕಾಕಾನ ಮುಂದೆ ಹಿಡಿದೆ. ಅಕ್ಕ ಹಿಂದಿನ ಸೀಟಿನಲ್ಲಿ ಕೂತಿದ್ದಳು.

ಕಾಕಾ ಫೋಟೋ ನೋಡಲಿಲ್ಲ. ಟೈರಿನ ಬದಿಯಲ್ಲಿ ಬರೆದ ಅಂಕಿಗಳ ಮೇಲೆ ಬೆರಳಿಟ್ಟರು. “ಇಲ್ಲೆ ನೋಡ್ರಿ. ನೂರಾ ಅರವತ್ತೈದು ಅಂದ್ರ ಟೈರಿನ ಅಗಲ. ಎಂಬತ್ತು ಅಂದ್ರ ಆ ಅಗಲದಾಗ ನೂರಕ್ಕ ಎಂಬತ್ತು ಪಾಲು ಎತ್ತರ, ಈ ಬದೀದ ರಬ್ಬರು. ಹದಿನಾಕು ಅಂದ್ರ ಒಳಗಿನ ರಿಮ್ಮು. ಹೊರಗಿನ ಸುತ್ತು ಎಷ್ಟೈತಿ ಅಷ್ಟ ಇರಬೇಕು. ಇಲ್ಲಾಂದ್ರ ಮೀಟರು ಸುಳ್ಳು ಹೇಳತೈತಿ, ಗಾಡಿ ಏರಾಗ ತೇಕತೈತಿ. ಈಗ ನೀವು ರಿಮ್ಮು ದೊಡ್ಡದು ಮಾಡಿದ್ರಿ. ಸುತ್ತು ಅಷ್ಟ ಇರಬೇಕು ಅಂದ್ರ ಏನು ಕಮ್ಮಿ ಆತು?”

“ರಬ್ಬರು.”

“ನಮ್ಮ ರಸ್ತೇದ ತಗ್ಗು ತಾಳೂದು ಯಾವುದು? ರಿಮ್ಮೋ, ರಬ್ಬರೋ?”

ನಾನು ಹದಿನಾರರಿಂದ ಹದಿನೈದಕ್ಕೆ ಇಳಿದೆ. ಹದಿನೈದಕ್ಕೆ ಅವರು ಒಪ್ಪಿದರು. ಆಮೇಲೆ ಅಗಲದ ಜಗಳ. ಅವರು ನೂರಾ ಎಪ್ಪತ್ತೈದು ಅಂದರು, ನಾನು ನೂರಾ ಎಂಬತ್ತೈದು ಅಂದೆ.

“ಅಗಲ ಬ್ಯಾಡ್ರಿ ಸಾವ್ಕಾರ್ರ. ನೀವು ಮಳ್ಯಾಗೂ ತಿರುಗಾವ್ರು. ತೆಳ್ಳಂದು ನೀರು ಸೀಳಿಕೊಂಡು ಹೋಗತೈತಿ. ಅಗಲಂದು ನೀರಿನ ಮ್ಯಾಲ ಹತ್ತಾಕ ನೋಡತೈತಿ.”

“ಹತ್ತು ಮಿಲಿಮೀಟರಿಗೆ ಏನಾಗತೈತಿ ಕಾಕಾ?”

ಒಳಗಿನಿಂದ ಅಕ್ಕ ನಕ್ಕಳು. “ಕೊಟ್ಟ ಬಿಡ್ರಿ ಕಾಕಾ. ಇಲ್ಲಾಂದ್ರ ಇಂವ ಇವತ್ತ ಉಣ್ಣಂಗಿಲ್ಲ.”

ಕಾಕಾ ಅಕ್ಕನ ಕಡೆ ನೋಡಿ ತಾವೂ ನಕ್ಕರು. ಭಾರ ಹಾಕಿಸಿ, ಬೆರಳಿಟ್ಟು ನೋಡಿದರು. ಎರಡು ಬೆರಳು ಆಡಿದವು. ಕೊಟ್ಟರು. ಅಗಲದ ಮಾತಿನಲ್ಲಿ ಅವರು ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದೂ ಅಕ್ಕ ನಕ್ಕಳೆಂದು.

ಎರಡೂವರೆ ವರ್ಷಕ್ಕೆ ಮುಂದಿನ ಎರಡು ಟೈರು ಸವೆದು ಹೋದವು. ಹಿಂದಿನವು ಇನ್ನೂ ಅರ್ಧ ಇದ್ದವು. ಎರಡೇ ಹೊಸವು ಸಾಕೆಂದು ಹೋದೆ. ಕಾಕಾ ಹೊಸ ಎರಡನ್ನು ಹಿಂದೆ ಹಾಕಿ, ಹಿಂದಿನ ಅರ್ಧ ಸವೆದವನ್ನು ಮುಂದೆ ತಂದರು. ನನಗೆ ತಲೆ ಕೆಟ್ಟಿತು.

“ಅಲ್ರಿ ಕಾಕಾ, ಎಂಜಿನ್ನು ಮುಂದ, ಎಳಿಯೋ ಗಾಲಿ ಮುಂದ. ಹೊಸಾವು ಹಿಂದ ಹಾಕತೀರಲ್ಲ?”

ಅವರು ಬೋಲ್ಟು ಬಿಗಿಯುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. “ಎಳೀಯೂದೂ ಮುಂದಿನವ, ತಿರುಗೂದೂ ಮುಂದಿನವ, ಬ್ರೇಕು ಒತ್ತಿದ್ರ ಭಾರ ಹೊರೂದೂ ಮುಂದಿನವ. ಅದಕ್ಕ ಅವು ಜಲ್ದಿ ಸವೀತಾವ, ಅದಕ್ಕ ಎಲ್ಲಾರೂ ಹೊಸಾವು ಮುಂದ ಹಾಕಸ್ತಾರ. ಆದ್ರ ಒಂದು ತಿಳಕೋರಿ. ಮುಂದಿನ ಗಾಲಿ ಜಾರಿದ್ರ ನಿಮ್ಮ ಕೈಗೆ ಗೊತ್ತಾಗತೈತಿ. ಸ್ಟೇರಿಂಗು ಹಗುರ ಆಗತೈತಿ, ನೀವು ಸಾವಕಾಶ ಮಾಡತೀರಿ, ಗಾಡಿ ಮತ್ತ ಹಿಡೀತೈತಿ. ಹಿಂದಿನ ಗಾಲಿ ಜಾರಿದ್ರ ಯಾರಿಗೂ ಹೇಳೂದುಲ್ಲ. ಗೊತ್ತಾಗೂದ್ರಾಗ ಗಾಡಿ ತಿರುಗಿ ನಿಂತಿರತೈತಿ. ಹೊಸಾ ಟೈರು ಹಿಂದಕ್ಕ. ಇದೊಂದ ಮಾತಿನಾಗ ನನ್ನ ಕೂಡ ವಾದ ಮಾಡಬ್ಯಾಡ್ರಿ.”

ಮಾಡಲಿಲ್ಲ. ತಲೆ ಅಲ್ಲಾಡಿಸಿ ಬಂದೆ.

ತಿಂಗಳೊಪ್ಪತ್ತಿನಲ್ಲಿ ಅಡರಕಟ್ಟಿಗೆ ಹೋಗಿದ್ದೆವು, ಒಬ್ಬರ ಮನೆಯ ಮದುವೆ ಜವಳಿಗೆ ಸೀರೆ ತೋರಿಸಲು. ಹಿಂದಿನ ದಿನ ಅಡ್ಡಮಳೆ ಬಂದಿತ್ತು. ವಾಪಸು ಬರುವಾಗ ಟ್ರ್ಯಾಕ್ಟರಿಗೆ ದಾರಿ ಕೊಡಲು ಬದಿಗೆ ಇಳಿಸಿದೆ, ಜಿಗುಟಾದ ಕರಿ ಎರಿ ಮಣ್ಣಿನಲ್ಲಿ ಮುಂದಿನ ಗಾಲಿ ಹೂತಿತು. ಆಕ್ಸಿಲೇಟರ್ ಒತ್ತಿದಷ್ಟೂ ಗಾಲಿ ಸುಮ್ಮನೆ ತಿರುಗಿತು. ಹೊಲದಿಂದ ಐದಾರು ಜನ ಬಂದು ನೂಕಿದರು. ಅದರಲ್ಲಿ ಒಬ್ಬ ಮುಂದಿನ ಟೈರು ನೋಡಿ, ಹಿಂದಿನ ಟೈರು ನೋಡಿ, ಜೋರಾಗಿ ಅಂದ, “ಮುಂದಿನ ಗಾಲಿ ಎಳಿಯೋ ಗಾಡಿಗೆ ಹೊಸಾವು ಹಿಂದ ಹಾಕ್ಯಾರ ನೋಡ್ರಲೇ! ಯಾವ ಶ್ಯಾಣ್ಯಾ ಹಾಕಿದಂವಾ?”

ಎಲ್ಲರೂ ನಕ್ಕರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಅದರಲ್ಲೂ ನಾಲ್ಕು ಜನರ ಮುಂದೆ ನಗೆಪಾಟಲಾದರೆ ಮುಗಿಯಿತು. ಲಕ್ಷ್ಮೇಶ್ವರಕ್ಕೆ ಬಂದವನೇ ದಾರಿ ಬದಿಯ ಒಂದು ಟೈರ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಹಿಂದಿನವನ್ನು ಮುಂದೆ, ಮುಂದಿನವನ್ನು ಹಿಂದೆ ಹಾಕು ಅಂದೆ. ಅವನು ಹೇಳಿದಷ್ಟು ಮಾಡಿದ, ಅವನದೇನೂ ತಪ್ಪಿಲ್ಲ. ಅರ್ಧ ತಾಸಿನ ಕೆಲಸ.

ಅಕ್ಕ ಕೆಳಗಿಳಿದು ಸೆರಗು ಹೊದ್ದು ನಿಂತಿದ್ದಳು. “ಕಾಕಾಗ ಕೇಳಿದ್ಯೇನೋ?” ಅಂದಳು.

“ಹೂಂ, ಫೋನ್ ಮಾಡಿದ್ದೆ. ಆತು ಅಂದಾರ.”

ಫೋನ್ ಮಾಡಿರಲಿಲ್ಲ. ಅಕ್ಕನಿಗೆ ನಾನು ಹೇಳಿದ ಸುಳ್ಳುಗಳು ಬಹಳ ಇವೆ, ಎಲ್ಲವೂ ಮರೆತುಹೋಗಿವೆ. ಇದೊಂದು ಮರೆತಿಲ್ಲ.

ಅಲ್ಲಿಂದ ಮುಂದೆ ನಾನು ಕಾಕಾನ ಅಂಗಡಿಯ ಮುಂದೆ ಕಾರು ನಿಲ್ಲಿಸುವುದನ್ನೇ ಬಿಟ್ಟೆ. ನೋಡಿದ ಕೂಡಲೇ ಅವರಿಗೆ ಗೊತ್ತಾಗುತ್ತಿತ್ತಲ್ಲ. ಗಾಳಿಯನ್ನು ಪೆಟ್ರೋಲ್ ಬಂಕಿನಲ್ಲಿ ಹಾಕಿಸಿಕೊಂಡೆ. ಆ ರಸ್ತೆಯಲ್ಲಿ ಹೋಗಲೇಬೇಕಾದರೆ ಹಾರ್ನ್ ಹೊಡೆದು, ಕೈ ಎತ್ತಿ, ಜೋರಾಗಿ ದಾಟುತ್ತಿದ್ದೆ. ಅವರೂ ಕೈ ಎತ್ತುತ್ತಿದ್ದರು. ಹೀಗೇ ಒಂದು ವರ್ಷ ಹೋಯಿತು. ಹಿಂದೆ ಹೋದ ಅರ್ಧ ಸವೆದ ಟೈರುಗಳು ಇನ್ನಷ್ಟು ಸವೆದವು. ಹಿಂದಿನ ಟೈರು ಯಾರು ನೋಡುತ್ತಾರೆ?

ಮುಂಗಾರಿನ ಮೊದಲ ದೊಡ್ಡ ಮಳೆ. ಶಿರಹಟ್ಟಿಯಿಂದ ಗದಗಿನ ಕಡೆ ಬರುತ್ತಿದ್ದೆವು. ಮಧ್ಯಾಹ್ನ ಮೂರರ ಸುಮಾರು. ಸೊರಟೂರ ದಾಟಿದ ಮೇಲೆ ರಸ್ತೆ ಸ್ವಲ್ಪ ಹೊರಳುತ್ತದೆ. ಟ್ರ್ಯಾಕ್ಟರುಗಳು ಹೊಲದಿಂದ ತಂದು ಚೆಲ್ಲಿದ ಎರಿ ಮಣ್ಣು, ಅದರ ಮೇಲೆ ನೀರು. ಅಕ್ಕ ಹಿಂದೆ ಕೂತು, ಉಳಿದ ಸೀರೆಗಳ ಲೆಕ್ಕ ಬಾಯಲ್ಲೇ ಹಾಕುತ್ತಿದ್ದಳು. ಕೆಂಪಂಚಿಂದು ಮೂರು, ಹಸರ ಅಂಚಿಂದು ಎರಡು. ಎದುರಿಗೆ ಒಂದು ಎಮ್ಮೆ ರಸ್ತೆಗೆ ಬಂತು. ನಾನು ಆಕ್ಸಿಲೇಟರ್ ಬಿಟ್ಟು ಸ್ಟೇರಿಂಗನ್ನು ಸ್ವಲ್ಪ ತಿರುಗಿಸಿದೆ. ಕೈಯಲ್ಲಿ ಏನೂ ಗೊತ್ತಾಗಲಿಲ್ಲ. ಮುಂದಿನ ಗಾಲಿ ಗಟ್ಟಿಯಾಗಿ ನೆಲ ಹಿಡಿದಿತ್ತು. ಹಿಂದಿನಿಂದ ಯಾರೋ ಕಾರನ್ನು ಎತ್ತಿ ಪಕ್ಕಕ್ಕೆ ಇಟ್ಟ ಹಾಗಾಯಿತು. ಎಮ್ಮೆ ಕಾಣಲಿಲ್ಲ, ರಸ್ತೆ ಕಾಣಲಿಲ್ಲ, ನಾವು ಬಂದ ದಾರಿ ಕಾಣಿಸಿತು. ಆಮೇಲೆ ಜಾಲಿಗಿಡ. ಅದು ಹಿಂದಿನ ಬಾಗಿಲಿಗೆ ಬಡಿಯಿತು.

ನನಗೆ ಹಣೆಯ ಮೇಲೆ ಒಂದು ಗೀರು. ಅಕ್ಕ ಅಲ್ಲೇ ಹೋದಳು.

ಈಗಲೂ ಮಳೆಯಲ್ಲಿ ಯಾರ ಕಾರಿನಲ್ಲಿ ಕೂತಿದ್ದರೂ ನನ್ನ ಬೆನ್ನು ಹಿಂದಿನ ಗಾಲಿಗಳ ಸಪ್ಪಳವನ್ನೇ ಕೇಳುತ್ತಿರುತ್ತದೆ. ಕೆಲವೊಮ್ಮೆ ಹಿಂದೆ ಯಾರೂ ಇರುವುದಿಲ್ಲ, ಆದರೂ ಅಂಚಿನ ಲೆಕ್ಕ ಕೇಳುತ್ತದೆ. ಹಸರ ಅಂಚಿನ ಎರಡರ ತನಕ ಕೇಳುತ್ತದೆ, ಆಮೇಲೆ ನಿಲ್ಲುತ್ತದೆ. ಯಾರಿಗೂ ಹೇಳಿಲ್ಲ.

ಸೊರಟೂರ ಅಂದರೆ ಕಾಕಾನ ಹುಟ್ಟೂರು. ಗಾಡಿ ನನ್ನದೆಂದು ಅಲ್ಲಿಯ ಅವರ ಬಳಗದವರೇ ಅವರಿಗೆ ತಿಳಿಸಿದ್ದರು. ಮೂರನೇ ದಿನ ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದರು. ಒಗೆದ ಧೋತರ, ಕೈಯಲ್ಲಿ ಟೊಪ್ಪಿಗೆ. ಒಳಗೆ ಬರ್ರಿ ಅಂದರೆ ಬರಲಿಲ್ಲ, ಹೊಸ್ತಿಲ ಹೊರಗೇ ಕೂತರು. ಅಕ್ಕನ ಒಬ್ಬಳೇ ಮಗಳು ಗಂಡನ ಮನೆಯಿಂದ ಬಂದು, ನನ್ನ ಪಕ್ಕದಲ್ಲೇ ಗೋಡೆಗೆ ಆತು ಕೂತಿದ್ದಳು. ಎರಡು ದಿನದಿಂದ ಅತ್ತು ದನಿ ಹೋಗಿತ್ತು.

ಕಾಕಾ ಕೈಯಲ್ಲಿನ ಟೊಪ್ಪಿಗೆಯನ್ನು ತಿರುವುತ್ತಿದ್ದರು. ಕಡೆಗೆ ಕೇಳಿದರು.

“ಟೈರು ಹೆಂಗಿದ್ವು ಸಾವ್ಕಾರ್ರ? ನಾ ಹಾಕಿದಂಗ ಇದ್ದುವಲ್ಲ?”

ಅಕ್ಕನ ಮಗಳು ತಲೆ ಎತ್ತಿ ನನ್ನನ್ನು ನೋಡಿದಳು. ನನ್ನ ಬಾಯಿಂದ ಬಂದದ್ದು ಇಷ್ಟು.

“ಹೂಂ ಕಾಕಾ. ನೀವು ಹಾಕಿದಂಗ ಇದ್ವು.”

ಅವರ ಮುಖ ಒಂದು ಕ್ಷಣಕ್ಕೆ ಏನಾಯಿತೆಂದು ನಾನು ಹೇಳಲಾರೆ. ನೋಡಲಾಗದೆ ನೆಲ ನೋಡಿದೆ. “ಹಂಗಾರ ಅಗಲಾನ ಸೈ” ಅಂದರು, ತಮಗೇ ಹೇಳಿಕೊಂಡ ಹಾಗೆ. “ನೀರಿನ ಮ್ಯಾಲ ಹತ್ತೇತಿ. ಕೊಡಬಾರದಿತ್ತು. ನಾ ಕೊಡಬಾರದಿತ್ತು.” ಟೊಪ್ಪಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಹೋದರು.

ನುಜ್ಜುಗುಜ್ಜಾದ ಕಾರನ್ನು ಗುಜರಿಯವರು ಹುಬ್ಬಳ್ಳಿಗೆ ಎಳೆದುಕೊಂಡು ಹೋದರು. ಕಾಕಾ ಅದನ್ನು ನೋಡಲೇ ಇಲ್ಲ. ನೋಡಿದ್ದರೆ ಒಂದೇ ಸಲಕ್ಕೆ ತಿಳಿಯುತ್ತಿತ್ತು.

ಅವತ್ತಿನಿಂದ ಅವರು ಸೈಜು ಹೇಳುವುದನ್ನು ಬಿಟ್ಟರು. ಹೊಸ ಟೈರು ಮಾರುವುದನ್ನು ಬಿಟ್ಟರು. ಪಂಕ್ಚರು ಮತ್ತು ಗಾಳಿ, ಇವೆರಡೇ. ಯಾರಾದರೂ ಯಾವ ಸೈಜು ಹಾಕಿಸಲಿ ಎಂದು ಕೇಳಿದರೆ ಡ್ರೈವರ್ ಬಾಗಿಲು ತೆರೆದು ಒಳಗಿನ ಕಂಬಕ್ಕೆ ಅಂಟಿಸಿದ ಚೀಟಿ ತೋರಿಸುತ್ತಿದ್ದರು. “ಗಾಡಿ ಮಾಡಿದಾವ್ರು ಇಲ್ಲೆ ಬರದಾರ. ಅದನ್ನ ಹಾಕಸ್ರಿ. ನನ್ನ ಕೇಳಬ್ಯಾಡ್ರಿ.” ನೇಕಾರರು ಹೇಳುತ್ತಿದ್ದರು, ಭಾರಕ್ಕೆ ಕರೆಯುವುದಿಲ್ಲ ಈಗ, ಚಹಾನೂ ಹೋಯಿತು, ಕಾಕಾನೂ ಹೋದರು ಎಂದು. ನಗುತ್ತಲೇ ಹೇಳುತ್ತಿದ್ದರು, ಆದರೆ ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ.

ನನಗೆ ಮಾತ್ರ ಅವರು ಫೋನ್ ಮಾಡುತ್ತಿದ್ದರು. ಯಾವಾಗ? ಮಳೆ ಬಂದಾಗ. ಬೆಟಗೇರಿಯಲ್ಲಿ ನಾಲ್ಕು ಹನಿ ಬಿದ್ದರೆ ಸಾಕು, ನನ್ನ ಫೋನು ಬಡಿದುಕೊಳ್ಳುತ್ತಿತ್ತು.

“ಎಲ್ಲಿದ್ದೀರಿ ಸಾವ್ಕಾರ್ರ?”

“ಮುಂಡರಗ್ಯಾಗ ಕಾಕಾ.”

“ಮಳಿ ಐತೇನು ಅಲ್ಲೆ?”

“ಸಣ್ಣಗ ಐತಿ.”

“ನಿಂತು ಬರ್ರಿ. ಅರ್ಜೆಂಟ್ ಏನಿಲ್ಲಲ್ಲ. ಮಳಿ ಬಿಟ್ಟ ಮ್ಯಾಲ ಬರ್ರಿ.”

ಅಷ್ಟೇ ಮಾತು. ಐದು ಮಳೆಗಾಲ. ಜನ ಮಳೆಗೆ ಕಾಯುತ್ತಾರೆ, ನಾನು ಹೆದರುತ್ತಿದ್ದೆ. ಮೋಡ ಕವಿದರೆ ಫೋನ್ ಮುಚ್ಚಿಡಬೇಕು ಅನಿಸುತ್ತಿತ್ತು, ಮುಚ್ಚಿಡಲು ಧೈರ್ಯ ಬರುತ್ತಿರಲಿಲ್ಲ. ಎಷ್ಟು ಸಲ ಬಾಯಿ ತೆರೆದಿದ್ದೇನೆ, ಕಾಕಾ, ಒಂದು ಮಾತು ಹೇಳಬೇಕು ಅಂತ. ಆಮೇಲೆ, ಅಕ್ಕನ ಮಗಳಿಗೆ ಗೊತ್ತಾದರೆ ಎಂಬ ಯೋಚನೆ ಬರುತ್ತಿತ್ತು. ಅವಳಿಗೆ ತವರು ಅಂತ ಉಳಿದಿರುವುದು ನನ್ನ ಮನೆ ಒಂದೇ. ಇಲ್ಲ, ಇದೂ ನೆಪ. ನನಗೆ ನನ್ನ ಮುಖ ಉಳಿಸಿಕೊಳ್ಳಬೇಕಾಗಿತ್ತು, ಅಷ್ಟೇ.

ಈ ಸಲ ಮಳೆ ಹಿಡಿಯಿತು, ಎರಡು ದಿನ ಫೋನ್ ಬರಲಿಲ್ಲ. ಮೂರನೇ ದಿನ ನಾನೇ ಹೋದೆ. ಕಾಕಾ ಹಾಸಿಗೆ ಹಿಡಿದಿದ್ದರು. ಪುಪ್ಪುಸದಲ್ಲಿ ನೀರು ತುಂಬಿದೆ, ಗದಗಿನ ಡಾಕ್ಟರು ಮನೆಗೇ ಕರಕೊಂಡು ಹೋಗಿ ಅಂದಿದ್ದಾರೆ ಎಂದು ಅವರ ಹೆಂಡತಿ ಬಾಗಿಲಲ್ಲೇ ಹೇಳಿದರು. ನಾವು ಅವರನ್ನು ಕಾಕು ಅನ್ನುತ್ತೇವೆ. ಕಾಕು ದನಿ ತಗ್ಗಿಸಿ ಅಂದರು, “ನಿದ್ದಿ ಇಲ್ಲಪಾ. ಬರೇ ಅದ ಮಾತು. ಹತ್ತು ಮಿಲಿಮೀಟರು, ಹತ್ತು ಮಿಲಿಮೀಟರು ಅಂತಾರ. ಏನದು?”

ಏನದು ಎಂದು ನನಗೆ ಗೊತ್ತಿತ್ತು. ಇವತ್ತು ಹೇಳದಿದ್ದರೆ ಇನ್ನು ಎಂದೂ ಇಲ್ಲ ಎಂದು ಒಳಗೆ ಹೋಗಿ ಹಾಸಿಗೆಯ ಪಕ್ಕ ಕೂತೆ. ಕಾಕಾನ ಕೈ ಹಿಡಿದುಕೊಂಡೆ. ಅಂಗೈ ಇನ್ನೂ ರಬ್ಬರಿನ ಹಾಗೇ ಒರಟಾಗಿತ್ತು. ಎಲ್ಲ ಹೇಳಿದೆ. ಅಡರಕಟ್ಟಿಯ ಕೆಸರು, ಆ ನಗು, ಲಕ್ಷ್ಮೇಶ್ವರದ ಅಂಗಡಿ, ಅಕ್ಕನಿಗೆ ಹೇಳಿದ ಸುಳ್ಳು, ಒಂದು ವರ್ಷ ಅವರ ಕಣ್ಣು ತಪ್ಪಿಸಿದ್ದು. “ಅಗಲಂದು ಅಲ್ಲ ಕಾಕಾ. ನಿಮ್ಮ ಸೈಜು ಸರಿ ಇತ್ತು. ನಾನು ಹಿಂದು ಮುಂದು ಮಾಡಿಸಿದ್ದೆ. ನೀವು ಬ್ಯಾಡ ಅಂದದ್ದನ್ನ ಮಾಡಿದೆ. ಅಕ್ಕನ್ನ ನಾನ ಕೊಂದೆ.”

ಹೇಳಿ ಮುಗಿಸುವಷ್ಟರಲ್ಲಿ ನಾನು ಅಳುತ್ತಿದ್ದೆ. ಐದು ವರ್ಷದ ಮೇಲೆ ಎದೆಯ ಮೇಲಿನ ಕಲ್ಲು ಸರಿಯಿತು ಅನಿಸಿತು, ದೇವರಾಣೆ.

ಕಾಕಾ ನನ್ನನ್ನು ನೋಡುತ್ತಿದ್ದರು. ಆಮೇಲೆ ನಕ್ಕರು. ಅಕ್ಕ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಸಾವ್ಕಾರ್ರ, ಅವತ್ತ ನಾ ನಿಮ್ಮನ್ನ ಕೇಳಿದ್ದೆ. ಅಕ್ಕಾರು ಹೋಗಿ ಮೂರ ದಿನ ಆಗಿತ್ತು. ನೀವು ಹಾಕಿದಂಗ ಇದ್ವು ಅಂದ್ರಿ.”

“ಸುಳ್ಳು ಹೇಳಿದೆ ಕಾಕಾ.”

“ಒಡಹುಟ್ಟಿದಾಕಿ ಹೋಗಿ ಮೂರ ದಿನಕ್ಕ, ಆಕಿ ಮಗಳ ಮುಂದ, ಯಾರರ ಸುಳ್ಳು ಹೇಳತಾರೇನ್ರಿ?” ಉಸಿರು ಸಾಲದೆ ನಿಲ್ಲಿಸಿ, ಮತ್ತೆ ಶುರು ಮಾಡಿದರು. “ಇವತ್ತ ಹೇಳಾಕ ಹತ್ತೀರಲ್ಲ, ಇದು ಸುಳ್ಳು. ನಾ ಹೊಂಟೀನಿ ಅಂತ ಹೇಳಾಕ ಹತ್ತೀರಿ. ಗೊತ್ತಾಗೂದುಲ್ಲೇನು ನನಗ?”

“ಖರೇನ ಐತಿ ಕಾಕಾ! ಆ ಅಂಗಡ್ಯಾಂವನ್ನ ಕರಕೊಂಡು ಬರತೀನಿ. ಅಂವನ್ನ ಕೇಳ್ರಿ.”

“ಅಂವಗೂ ಹೇಳಿ ಇಟ್ಟೀರೇನು?” ಕಾಕಾ ನನ್ನ ಕೈ ಮೇಲೆ ತಮ್ಮ ಇನ್ನೊಂದು ಕೈ ಇಟ್ಟರು. ಮಗು ತಪ್ಪು ಪಾಠ ಒಪ್ಪಿಸಿದಾಗ ಮಾಸ್ತರರು ತಟ್ಟುವ ಹಾಗೆ ತಟ್ಟಿದರು. “ಬ್ಯಾಡ್ರಿ. ಇಷ್ಟು ಅಂದ್ರಲ್ಲ, ಅಷ್ಟ ಸಾಕು ನನಗ.”

ನಾನು ಮರುದಿನ ಲಕ್ಷ್ಮೇಶ್ವರಕ್ಕೆ ಹೋದೆ. ಆ ಅಂಗಡಿ ಇರಲಿಲ್ಲ. ಜಾಗದಲ್ಲಿ ಮೊಬೈಲ್ ರಿಪೇರಿ ಇತ್ತು. ಮೊದಲಿದ್ದವನು ಎಲ್ಲಿ ಹೋದ ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಇನ್ನೊಮ್ಮೆ ಕಾಕಾನ ಹತ್ತಿರ ಹೋಗಿ ಬೇಡಿಕೊಳ್ಳಬೇಕು ಅಂದುಕೊಂಡೆ. ಅಷ್ಟರಲ್ಲಿ ಸುದ್ದಿ ಬಂತು.

ಅವರ ದಿವಸದ ಊಟಕ್ಕೆ ಹೋಗಿದ್ದೆ. ಅಕ್ಕನ ಮಗಳೂ ಬಂದಿದ್ದಳು. ಪ್ರತಿ ವರ್ಷ ಅವಳ ತಾಯಿಯ ತಿಥಿಗೆ ಕಾಕಾ ತಪ್ಪದೆ ಬರುತ್ತಿದ್ದರು, ಹಾಗಾಗಿ ತಾನೂ ಹೋಗಬೇಕು ಅಂದಿದ್ದಳು. ನೇಕಾರರು, ಸೊರಟೂರದ ಬಳಗದವರು, ಗಿರಾಕಿಗಳು, ಮನೆಯ ಮುಂದಿನ ಪೆಂಡಾಲಿನಲ್ಲಿ ಐವತ್ತು ಅರವತ್ತು ಜನ. ಕಾಕು ನನ್ನನ್ನು ನೋಡಿದ ಕೂಡಲೇ ಎದ್ದು ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ಇವರ ನೋಡ್ರಿ, ನಮ್ಮನಿಯವರ ಟೈರಿನ ದೆಸಿಯಿಂದ ಅಕ್ಕನ್ನ ಕಳಕೊಂಡಾವ್ರು. ಒಂದ ದಿನ ಒಂದ ಕೆಟ್ಟ ಮಾತಾಡಲಿಲ್ಲ. ಕಡೀಕ ಬಂದು ತಪ್ಪು ತಮ್ಮ ಮ್ಯಾಲ ಹಾಕ್ಕೊಂಡ್ರು. ಇವರು ಹೋದ ಮ್ಯಾಲ ನಮ್ಮನಿಯವರು ಗ್ವಾಡಿ ಕಡೆ ಮಾರಿ ಮಾಡಿ ಅತ್ತಿದ್ದ ಅತ್ತಿದ್ದು. ‘ಇಂಥಾ ಮನಷ್ಯಾನ ಅಕ್ಕನ್ನ ತಿಂದೆನಲ್ಲ’ ಅಂತ. ಅದ ಅವರ ಕಡೀ ಮಾತು.”

ಸೆರಗಿನಿಂದ ಕಣ್ಣು ಒರೆಸಿಕೊಂಡು ಕಾಕು ನನಗೆ ಕೈ ಮುಗಿದರು. ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಯಾರೋ ಖುರ್ಚಿ ತಂದರು.

ನಾನು ಕೂರಲಿಲ್ಲ. ಸಾಕಾಗಿತ್ತು ನನಗೆ. ಅಕ್ಕನ ಮಗಳು ಪಕ್ಕದಲ್ಲೇ ನಿಂತಿದ್ದಳು, ಅವಳೂ ಕೇಳಲಿ ಎಂದು ಜೋರಾಗಿಯೇ ಹೇಳಿದೆ. “ಕಾಕು, ಎಲ್ಲಾರೂ ಕೇಳ್ರಿ. ಕಾಕಾನ ಮುಂದ ನಾ ಹೇಳಿದ್ದು ಸುಳ್ಳಲ್ಲ. ಕಾಕಾಂದು ಏನೂ ತಪ್ಪಿಲ್ಲ. ಟೈರು ನಾನ ಬದ್ಲಿ ಮಾಡಿಸಿದ್ದೆ. ಅವರು ಕೇಳಿದಾಗ ಸುಳ್ಳು ಹೇಳಿದೆ. ನನ್ನ ಅಕ್ಕ ಹೋಗಿದ್ದು ನನ್ನಿಂದ.”

ಸೊರಟೂರದ ಹಿರಿಯರೊಬ್ಬರು ತಲೆ ಅಲ್ಲಾಡಿಸಿದರು, ಕಣ್ಣು ತುಂಬಿಕೊಂಡು. “ನೋಡ್ರಿ. ಇನ್ನೂ ಹಂಗ ಅಂತಾರ. ಸತ್ತವರ ಹೆಸರಿಗೆ ಕಲೆ ಬರಬಾರದಂತ.”

ನಾನು ಅಕ್ಕನ ಮಗಳ ಕಡೆ 'ನೀನಾದರೂ' ಅನ್ನುವ ಹಾಗೆ ತಿರುಗಿದೆ. ಅವಳು ನನ್ನ ತೋಳು ಹಿಡಿದು ಖುರ್ಚಿಯ ಮೇಲೆ ಕೂರಿಸಿದಳು, ನೀರಿನ ಲೋಟ ಕೈಗೆ ಕೊಟ್ಟಳು.

“ಸಾಕು ಬಿಡ್ರಿ ಮಾಮಾ” ಅಂದಳು. “ನಮ್ಮವ್ವನೂ ಹಿಂಗ ಇದ್ಲು. ಮಂದೀ ತಪ್ಪೆಲ್ಲಾ ತನ್ನ ಮ್ಯಾಲ ಹಾಕ್ಕೊಳ್ಳಾಕಿ.”